ಎಪ್ಪತ್ತೇಳನೆಯ ದಿನದ ಅಂಕಿ

ಕಳೆದ ತಿಂಗಳು ನಮ್ಮ ಮನೆಯಲ್ಲಿ ಬಂಧುಗಳು ಊಟಕ್ಕೆ ಸೇರಿದ್ದಾಗ ನನ್ನ ಭಾವಮೈದುನ ಎಲ್ಲರಿಗೂ ಕೇಳಿಸುವಂತೆ ಹೀಗೆಂದ: "ನಿಮ್ಮ ಮಿಡತೆ ಆರು ತಿಂಗಳು ದ್ವೀಪದಲ್ಲಿ ಗಾಳಿ ಕುಡ್ಕೊಂಡು ಬಂದ್ಲಂತಲ್ಲ ಭಾವ! ಹೊರಡೋ ದಿನವೂ ಏಳೋಕಾಗ್ದೆ ದೋಣಿ ತಪ್ಪಿಸ್ಕೊಂಡ್ಲಂತೆ. ಓದೋಕೆ ಅಂತ ಕಳಿಸೋದು ಇದಕ್ಕೇನಾ?"

ಒಂಬತ್ತು ಜನ ನಕ್ಕರು. ಮಿಡತೆ ಎಂದರೆ ನನ್ನ ಮೊಮ್ಮಗಳು, ಇಪ್ಪತ್ತೊಂದು ವರ್ಷದವಳು. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಿದ್ದ ಕಾಲದಲ್ಲಿ ಬಿದ್ದ ಹೆಸರು ಇಂದಿಗೂ ನಿಂತಿದೆ. ಅವಳೂ ಉಳಿದವರೊಡನೆ ನಕ್ಕು ಸುಮ್ಮನಾದಳು. ನಾನು ಸುಮ್ಮನಿರಲಾರೆ. ಅವಳು ಅಲ್ಲಿದ್ದದ್ದು ಆರು ತಿಂಗಳಲ್ಲ, ನೂರ ಹದಿನೆಂಟು ರಾತ್ರಿ. ದೋಣಿಯನ್ನು ಅವಳು ತಪ್ಪಿಸಿಕೊಳ್ಳಲಿಲ್ಲ; ಅದು ಹೊರಡುವುದನ್ನು ಕಣ್ಣಾರೆ ನೋಡುತ್ತಾ ನಿಂತಿದ್ದಳು. ಹಾಗೆ ನಿಲ್ಲಬೇಕಾಗಿ ಬಂದದ್ದು ಯಾರಿಂದ ಎಂಬುದನ್ನು ನನ್ನಷ್ಟು ಖಚಿತವಾಗಿ ಬಲ್ಲವರು ಬೇರೆ ಇಲ್ಲವಾದ್ದರಿಂದ ಇದನ್ನು ಬರೆದಿಡುತ್ತಿದ್ದೇನೆ.

ಮೂವತ್ತಾರು ವರ್ಷ ನಾನು ನದಿಯ ನೀರಿನ ಮಟ್ಟ ಅಳೆಯುವ ಇಲಾಖೆಯಲ್ಲಿದ್ದೆ. ನೀರಿನಲ್ಲಿ ನೆಟ್ಟ ಅಳತೆಗೋಲನ್ನು ಗೊತ್ತಾದ ಹೊತ್ತಿಗೆ ಓದಿ, ಅಂಕಿಯನ್ನು ಆ ಕ್ಷಣವೇ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಮಿಡತೆ ಅದನ್ನೇ ಸಮುದ್ರದಲ್ಲಿ ಮಾಡಲು ಹೋದಳು. ಅವಳ ಕಾಲೇಜು ಒಂದು ಸೆಮಿಸ್ಟರ್ ಮಟ್ಟಿಗೆ ಅವಳನ್ನು ಕಳಿಸಿದ ದ್ವೀಪದಲ್ಲಿ ಮುಖ್ಯ ಪಾಠವೇ ಇದು: ನೂರು ದಿನ, ದಿನಕ್ಕೊಂದು ಬಾರಿ, ಬೆಳಗ್ಗೆ ಏಳೂವರೆಗೆ ಸರಿಯಾಗಿ, ಬಂದರಿನ ಅಳತೆಗೋಲಿನಲ್ಲಿ ಸಮುದ್ರದ ಮಟ್ಟವನ್ನು ಓದುವುದು. ನಡುವೆ ಒಂದು ದಿನ ಕೆಟ್ಟರೆ ಕೊನೆಗೆ ಒಂದು ದಿನ ಸೇರಿಸಿಕೊಳ್ಳಬಹುದು. ಎರಡು ದಿನ ಕೆಟ್ಟರೆ ಪುಸ್ತಕ ರದ್ದು, ಸೆಮಿಸ್ಟರೂ ರದ್ದು.

ಅವಳ ಕೋಣೆ ಒಂದು ಸೈಕಲ್ ರಿಪೇರಿ ಅಂಗಡಿಯ ಮಾಳಿಗೆಯಲ್ಲಿತ್ತು. ಹತ್ತು ಅಡಿಗೆ ಎಂಟು ಅಡಿ. ಒಂದು ಮಂಚ, ಒಂದು ಮೇಜು, ಪೂರ್ತಿ ಮುಚ್ಚದ ಒಂದು ಕಿಟಕಿ. ಅಂಗಡಿಯನ್ನು ನಡೆಸುತ್ತಿದ್ದವರು ಮನೆಯೊಡತಿಯೇ. ಎಪ್ಪತ್ತು ದಾಟಿದ ಹೆಂಗಸು. ಮಿಡತೆ ಅವರನ್ನು ಸೈಕಲ್ ಅಜ್ಜಿ ಎನ್ನುತ್ತಿದ್ದಳು. ಬೆಳಗಿನ ಮಂಜಿನಲ್ಲಿ ಎದುರು ಮನೆಯೂ ಕಾಣದ ಹೊತ್ತಿಗೆ, ಕೆಳಗಿನಿಂದ ಅಜ್ಜಿ ಚಕ್ರವೊಂದನ್ನು ತಿರುಗಿಸಿಬಿಟ್ಟ ಸದ್ದು ಮೇಲಕ್ಕೆ ಬರುತ್ತಿತ್ತಂತೆ. ಆ ಸದ್ದು ನಿಧಾನವಾಗುತ್ತಾ ನಿಲ್ಲುವುದರೊಳಗೆ ಮಿಡತೆ ಹಾಸಿಗೆ ಬಿಟ್ಟಿರಬೇಕು. ಅದು ಅವಳು ತಾನೇ ಮಾಡಿಕೊಂಡ ನೇಮ. ಆಮೇಲೆ ಬಂದರಿಗೆ ನಾನೂರ ಹನ್ನೆರಡು ಹೆಜ್ಜೆ. ಅಲ್ಲಿ ನೀರಿಗಿಳಿಯುವ ಇಪ್ಪತ್ತಮೂರು ಕಲ್ಲಿನ ಮೆಟ್ಟಿಲು. ಒಂದು ದಿನ ಒಂಬತ್ತು ಮೆಟ್ಟಿಲು ಕಂಡರೆ ಇನ್ನೊಂದು ದಿನ ಹದಿನೇಳು ಕಾಣುತ್ತಿದ್ದವು. ಉಳಿದವು ನೀರಿನಡಿಯಲ್ಲಿ ಹಸಿರಾಗಿ, ಅಲುಗಿದಂತೆ ಕಾಣುತ್ತಾ ಇಳಿದುಹೋಗುತ್ತಿದ್ದವು.

ಮಿಕ್ಕ ದಿನವೆಲ್ಲ ಯಾವ ವಿದ್ಯಾರ್ಥಿಗೂ ಇರುವಂಥದ್ದೇ. ಒಂಬತ್ತಕ್ಕೆ ಪಾಠ, ಮಧ್ಯಾಹ್ನ ಬ್ರೆಡ್ಡು ಮೊಟ್ಟೆ, ಸಂಜೆ ಗ್ರಂಥಾಲಯ. ಭಾನುವಾರ ಒಗೆದ ಬಟ್ಟೆ ಬುಧವಾರದ ತನಕ ಒಣಗುತ್ತಿರಲಿಲ್ಲ. "ಇಲ್ಲಿ ಯಾವ ಬೀದಿ ಹಿಡಿದು ಹೋದ್ರೂ ಕೊನೇಲಿ ನೀರು ಸಿಗತ್ತೆ ತಾತ. ದಾರಿ ತಪ್ಪೋಣ ಅಂದ್ರೂ ಆಗಲ್ಲ" ಎಂದು ಒಮ್ಮೆ ಹೇಳಿದಳು. ಮೊದಲ ವಾರಗಳಲ್ಲಿ ಹೀಗೆ ಹೇಳುವಾಗ ಅವಳ ದನಿ ಸಣ್ಣದಾಗುತ್ತಿತ್ತು. ಆಮೇಲೆ ಸರಿಹೋಯಿತು.

ಅವಳು ಹೊರಡುವಾಗ ನನ್ನ ಕೈಗಡಿಯಾರವನ್ನು ಕೊಟ್ಟಿದ್ದೆ. ಕೀಲಿ ಕೊಡುವ ಹಳೆಯ ಗಡಿಯಾರ; ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಅದನ್ನು ಸರಿಪಡಿಸಲು ಒಂದು ಪದ್ಧತಿ ಬೆಳೆಯಿತು. ನಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆಯಾದಾಗ ಅಲ್ಲಿ ಬೆಳಗ್ಗೆ ಏಳೂವರೆ. ಒಂದಕ್ಕೆ ಎರಡು ನಿಮಿಷವಿರುವಾಗ ಅವಳು ಮೆಟ್ಟಿಲ ಮೇಲೆ ನಿಂತು ಫೋನ್ ಮಾಡುವಳು. ನಾನು ಫೋನನ್ನು ರೇಡಿಯೋದ ಪಕ್ಕದಲ್ಲಿಡುವೆನು. ವಾರ್ತೆಗೆ ಮೊದಲು ಬರುವ ಗಂಟೆಯ ಸದ್ದು ಅಷ್ಟು ಸಾವಿರ ಮೈಲಿ ಆಚೆ ಅವಳ ಕಿವಿಗೆ ಬಿದ್ದೊಡನೆ ಗಡಿಯಾರ ಸರಿಮಾಡಿಕೊಂಡು, ಅಳತೆಗೋಲು ನೋಡಿ ಅಂಕಿಯನ್ನು ಗಟ್ಟಿಯಾಗಿ ಹೇಳುವಳು. ಅವಳು ಅವಳ ಪುಸ್ತಕದಲ್ಲಿ ಬರೆದುಕೊಳ್ಳುವಳು, ನಾನು ನನ್ನ ದಿನಚರಿಯಲ್ಲಿ. ನಾನು ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಕೈಗೆ ಅಭ್ಯಾಸ, ಅಷ್ಟೇ.

ಆಮೇಲೂ ಸ್ವಲ್ಪ ಹೊತ್ತು ಫೋನು ಹಾಗೆಯೇ ಇರುತ್ತಿತ್ತು. ನೀರು ಕಲ್ಲಿಗೆ ತಾಗುವ ಸದ್ದು, ದೂರದಲ್ಲಿ ದೋಣಿಯ ಕೂಗು, ಆಮೇಲೆ ಏನೂ ಇಲ್ಲದ ಒಂದು ಸದ್ದು. ಊಟವಾದ ಮೇಲಿನ ಹೊತ್ತು, ಆರಾಮಕುರ್ಚಿ. ನನ್ನ ಕೋಣೆಯ ಬಿಸಿಲು ಎಲ್ಲಿಗೆ ಮುಗಿದು ಅವಳ ಮಂಜು ಎಲ್ಲಿಂದ ಮೊದಲಾಗುತ್ತಿತ್ತೆಂಬುದು ಎಷ್ಟೋ ದಿನ ನನಗೆ ತಿಳಿಯುತ್ತಿರಲಿಲ್ಲ. ಆ ದ್ವೀಪವನ್ನು ನಾನು ಕಂಡವನಲ್ಲ. ಆದರೂ ಆ ಮೆಟ್ಟಿಲುಗಳು ಪಾದಕ್ಕೆ ಎಷ್ಟು ತಣ್ಣಗಿರುತ್ತವೆಂದು ಹೇಳಬಲ್ಲೆ.

ಅರವತ್ತೆಂಟನೆಯ ಅಂಕಿಯ ದಿನ ಭಾನುವಾರ. ಅಂದು ಬೆಳಗಿನ ಜಾವ ಆ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. ಬೇಸಿಗೆ ಬರುತ್ತಿದೆಯೆಂದು ಅಲ್ಲಿ ಪ್ರತಿವರ್ಷ ಹೀಗೆ ಮಾಡುತ್ತಾರಂತೆ! ಮಲಗಿದ್ದ ಜನರ ದಿಂಬಿನಡಿಯಿಂದ ಅರವತ್ತು ನಿಮಿಷಗಳನ್ನು ಎತ್ತಿಕೊಂಡುಹೋಗುವ ಅಧಿಕಾರವನ್ನು ಯಾವ ಸರ್ಕಾರಕ್ಕೆ ಯಾರು ಕೊಟ್ಟರೋ ನಾನರಿಯೆ. ಮಿಡತೆ ಫೋನಿನಲ್ಲಿ ಗಾಬರಿಯಾಗಿದ್ದಳು.

"ತಾತ, ನಿನ್ನ ಗಡಿಯಾರದಲ್ಲಿ ಏಳೂವರೆಗೆ ಎರಡು ನಿಮಿಷ. ಬಂದರಿನ ಗಡಿಯಾರದಲ್ಲಿ ಎಂಟೂವರೆಗೆ ಎರಡು ನಿಮಿಷ! ಯಾವುದನ್ನ ನಂಬ್ಲಿ?"

"ಸಮುದ್ರಕ್ಕೆ ಆದೇಶ ಕಳಿಸಿದಾರಾ?"

"ಇಲ್ಲ."

"ಹಾಗಾದ್ರೆ ನಿನ್ನೆ ಯಾವ ಹೊತ್ತಿಗೆ ಓದಿದೆಯೋ ಇವತ್ತೂ ಅದೇ ಹೊತ್ತಿಗೆ ಓದು. ಬೀದಿ ಗಡಿಯಾರ ಬೀದಿಯವರಿಗೆ."

"ಮೇಡಂ ಅವರನ್ನ ಒಂದ್ಮಾತು ಕೇಳ್ಲಾ?"

"ಕೇಳೋದೇನಿದೆ? ಮೂವತ್ತಾರು ವರ್ಷ ನಾನು ಯಾರನ್ನೂ ಕೇಳಿಲ್ಲ."

ಈ ಮಾತನ್ನು ಆಡಿದವನು ನಾನು. ತಪ್ಪು ಇಲ್ಲಿಂದ ಶುರು. ಹೊತ್ತು ಬದಲಿಸಬಾರದೆಂಬ ನಿಯಮ ಸರಿಯೇ. ಆದರೆ ಅದನ್ನು ಪುಟದ ಮೇಲೆ ಬರೆದಿಡಬೇಕೆಂದು ನಾನು ಹೇಳಲಿಲ್ಲ.

ಅಂದಿನಿಂದ ಅವಳು ಎರಡು ಹೊತ್ತಿನಲ್ಲಿ ಬದುಕಿದಳು. ಮೆಟ್ಟಿಲಿಳಿದರೆ ಏಳೂವರೆ, ಮೆಟ್ಟಿಲು ಹತ್ತಿ ಬೀದಿಗೆ ಬಂದರೆ ಎಂಟೂವರೆ. "ಮೇಲೆ ಬರೋವಾಗ ಒಂದು ಗಂಟೆ ಎಲ್ಲೋ ಬಿದ್ದುಹೋಗತ್ತೆ ತಾತ. ಜೇಬು ಮುಟ್ಟಿ ನೋಡ್ಕೋತೀನಿ" ಎನ್ನುತ್ತಿದ್ದಳು. ಸೈಕಲ್ ಅಜ್ಜಿಗೆ ಇದನ್ನು ವಿವರಿಸಿದಾಗ ಅವರು, ಚಕ್ರದಿಂದ ಕೈ ತೆಗೆಯದೆ, "ಹಾಗಾದ್ರೆ ಆ ಗಂಟೇಲಿ ನನ್ನ ಪಂಕ್ಚರ್ ಹಾಕಿಕೊಡು, ಯಾರ ಲೆಕ್ಕಕ್ಕೂ ಬರಲ್ಲ" ಎಂದರಂತೆ. ಅವರಾಡಿದ್ದು ಅವರ ಭಾಷೆಯಲ್ಲಿ. ಮಿಡತೆ ಹೇಳಿದಂತೆ ಬರೆದಿದ್ದೇನೆ.

ಮುಂದಿನ ವಾರದ ಗುರುವಾರ ಬಂದರಿನ ಅಳತೆಮನೆಯ ಮೇಲ್ವಿಚಾರಕಿ, ಎಂದರೆ ಮಿಡತೆಯ ಮೇಡಂ, ವಿದ್ಯಾರ್ಥಿಗಳ ಪುಸ್ತಕಗಳನ್ನು ತರಿಸಿಕೊಂಡರು. ಹದಿನೈದು ದಿನಕ್ಕೊಮ್ಮೆ ನಡೆಯುವ ತಪಾಸಣೆ. ಮಿಡತೆಯ ಪುಟವನ್ನು ಉಬ್ಬರ ಇಳಿತದ ಮುದ್ರಿತ ಪಟ್ಟಿಯ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು.

"ಹೋದ ವಾರದ ಭಾನುವಾರದಿಂದ ಈಚೆಗೆ ನಿನ್ನ ಸಮುದ್ರ ಒಂದು ಗಂಟೆ ಮುಂದೆ ಓಡ್ತಿದೆಯಲ್ಲಮ್ಮ?"

ಮಿಡತೆ ನಡೆದದ್ದನ್ನು ಹೇಳಿದಳು. ತಾತನ ಗಡಿಯಾರವನ್ನೂ ತೋರಿಸಿದಳು.

"ನಿಮ್ಮ ತಾತ ಹೇಳಿದ್ದು ತಪ್ಪಲ್ಲ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ಆದರೆ ಕೇಳಲಿಲ್ಲ, ಬರೆಯಲೂ ಇಲ್ಲ. ಈ ಹನ್ನೆರಡೂ ದಿನ ಹಳೇ ಹೊತ್ತಿಗೇ ಓದಿದೆ ಅನ್ನೋದಕ್ಕೆ ಏನು ಗುರುತು? ಪಟ್ಟಿ ಬರೀ ಅಂದಾಜು. ಗಾಳಿ ಬೀಸಿದರೆ ನೀರು ಅದರ ಮಾತು ಕೇಳಲ್ಲ. ಬೇರೆಯವರು ಆಗಲೇ ಬರೆದಿಟ್ಟದ್ದೇನಾದರೂ ಇದೆಯಾ?"

ಹನ್ನೆರಡು ದಿನ! ಎರಡೇ ದಿನ ಕೆಟ್ಟರೂ ಎಲ್ಲವೂ ಮುಗಿದಂತೆ. ಮಿಡತೆ ಅಲ್ಲಿಂದಲೇ ಫೋನ್ ಮಾಡಿದಳು. ಅಳುತ್ತಿರಲಿಲ್ಲ, ಅಳುವವಳಲ್ಲ. ಒಂದೊಂದೇ ಮಾತನ್ನು ಹೆಕ್ಕಿ ಹೆಕ್ಕಿ ಇಡುತ್ತಿದ್ದಳು. ನಾನು ಸೊಸೆಯನ್ನು, ಎಂದರೆ ಮಿಡತೆಯ ತಾಯಿಯನ್ನು, ಕರೆದು ದಿನಚರಿಯ ಆ ಪುಟಗಳ ಫೋಟೋ ತೆಗೆದು ಕಳಿಸಲು ಹೇಳಿದೆ. ಪ್ರತಿಯೊಂದು ಸಾಲಿನಲ್ಲೂ ನಮ್ಮ ಒಂದು ಗಂಟೆ, ಪಕ್ಕದಲ್ಲಿ ಅವಳು ಕೂಗಿ ಹೇಳಿದ ಅಂಕಿ. ನಮ್ಮ ಒಂದು ಗಂಟೆಯನ್ನು ಯಾರೂ ತಿರುಗಿಸಿರಲಿಲ್ಲ. ನಾನು ಸ್ವಲ್ಪ ಬೀಗಿದೆನೆಂದು ಒಪ್ಪಿಕೊಳ್ಳುತ್ತೇನೆ.

ಸೊಸೆ ಪುಟ ತಿರುವುತ್ತಾ ನಿಂತುಬಿಟ್ಟಳು. "ಮಾವ, ಮಂಗಳವಾರದ್ದು ಎಲ್ಲಿ?"

"ಎಲ್ಲಿ ಅಂದ್ರೆ? ಬರೆದಿದೀನಲ್ಲ."

"ಖಾಲಿ ಇದೆ."

ಖಾಲಿಯೇ ಇತ್ತು. ಎಪ್ಪತ್ತೇಳನೆಯ ಅಂಕಿ. ನಾನದನ್ನು ಬರೆದದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ನೀಲಿ ಮಸಿ, ಪುಟದ ಅಂಚು ತೇವವಾಗಿತ್ತು, ಬರೆಯುವಾಗ ನೀರು ಐದನೆಯ ಮೆಟ್ಟಿಲಿಗೆ ಬಂದು ನನ್ನ ಚಪ್ಪಲಿಯನ್ನು ಮುಟ್ಟಿ ಹಿಂದಕ್ಕೆ ಹೋಯಿತು. ಚಪ್ಪಲಿಯವರೆಗೆ ನೆನಪು ಬಂದಾಗ ಪುಟದ ಅಂಚನ್ನು ಮುಟ್ಟಿ ನೋಡಿದೆ; ಒಣಗಿತ್ತು. ಆ ಮೆಟ್ಟಿಲ ಮೇಲೆ ನಾನು ಎಂದೂ ನಿಂತವನಲ್ಲ. ಆ ದಿನ ಅರೆನಿದ್ದೆಯಲ್ಲಿ ಫೋನೆತ್ತಿ ರೇಡಿಯೋದ ಪಕ್ಕದಲ್ಲಿಟ್ಟಿದ್ದೆ, ಗಂಟೆ ಬಾರಿಸಿತ್ತು, ಅವಳು ಅಂಕಿ ಹೇಳಿದ್ದಳು, ನಾನು ಹೂಂ ಎಂದಿದ್ದೆ. ಬರೆದದ್ದು ಮಾತ್ರ ಕನಸಿನಲ್ಲಿ.

"ಅಂಕಿ ಅವಳ ಪುಸ್ತಕದಲ್ಲಿದೆಯಲ್ಲ ಮಾವ," ಎಂದಳು ಸೊಸೆ, ದನಿ ತಗ್ಗಿಸಿ. "ಕೇಳಿ ಈಗ ಬರೆದ್ಬಿಡಿ. ನೀವೇನು ಸುಳ್ಳು ಬರೆದಂಗಾಗಲ್ಲ. ನಿಮ್ಮ ಕಿವಿಗೆ ಬಿದ್ದದ್ದೇ ತಾನೆ?"

ನಿಜ, ಕಿವಿಗೆ ಬಿದ್ದದ್ದೇ. ಪೆನ್ನೂ ಕೈಯಲ್ಲಿತ್ತು. ಆದರೆ ಆಗಲೇ ಬರೆದದ್ದು ಯಾವುದು, ಗುರುವಾರ ಕೇಳಿ ಬರೆದದ್ದು ಯಾವುದು ಎಂಬ ಭೇದ ಅಳಿದುಹೋದರೆ ಉಳಿದ ಹನ್ನೊಂದು ಸಾಲುಗಳಿಗೆ ಯಾವ ಬೆಲೆ? ಪುಟವನ್ನು ಇದ್ದಂತೆಯೇ ಕಳಿಸಿದೆವು. ಆ ದಿನ ಒಂದಕ್ಕೆ ಕರೆ ಬಂದಿದೆಯೆಂದು ಫೋನಿನ ಪಟ್ಟಿ ಹೇಳುತ್ತದೆಂದು ಮಿಡತೆ ವಾದಿಸಿ ನೋಡಿದಳಂತೆ. "ಕರೆದೆ ಅಂತ ಗೊತ್ತಾಗತ್ತೆ. ಏನು ಓದಿದೆ ಅಂತ ಗೊತ್ತಾಗಲ್ಲವಲ್ಲ" ಎಂದರು ಮೇಲ್ವಿಚಾರಕಿ. ಹನ್ನೊಂದನ್ನು ಒಪ್ಪಿ ಸಹಿ ಹಾಕಿದರು. ಎಪ್ಪತ್ತೇಳರ ಮೇಲೆ ಕೆಂಪು ಮಸಿಯ ಒಂದು ಗೆರೆ ಬಿತ್ತು. ಕೊನೆಯವರೆಗೂ ಹಳೆಯ ಹೊತ್ತಿಗೇ ಓದಬೇಕು, ಬಂದರಿನ ಹೊತ್ತನ್ನೂ ಪಕ್ಕದಲ್ಲಿ ಬರೆಯಬೇಕು ಎಂದು ಆದೇಶವಾಯಿತು. ನಾನು ಅವರ ಸ್ಥಾನದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೂ ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಹೀಗೆ ಒಂದು ದಿನ ಕೊನೆಗೆ ಸೇರಿತು. ಸೇರಿದ ದಿನವೇ ಅವಳು ಹೊರಡಬೇಕಾದ ದಿನ. ದೋಣಿ ಬಿಡುವುದು ಬಂದರಿನ ಗಡಿಯಾರದಲ್ಲಿ ಎಂಟಕ್ಕೆ. ಅವಳು ಅಂಕಿ ಓದಬೇಕಾದದ್ದು ಎಂಟೂವರೆಗೆ. ದಿನಕ್ಕೆ ಅದೊಂದೇ ದೋಣಿ. ಹಿಂದಿನ ದಿನ ಸೊಸೆ ಫೋನಿನಲ್ಲಿ ಬೇಡಿಕೊಂಡಳು: "ಮುಕ್ಕಾಲು ಗಂಟೆ ಮುಂಚೆ ಓದಿದ್ರೆ ಸಮುದ್ರ ಏನು ಮುನಿಸಿಕೊಳ್ಳತ್ತೇನೇ? ಓದ್ಬಿಟ್ಟು ಓಡಿ ದೋಣಿ ಹತ್ತು."

"ತಾತನ್ನ ಕೇಳಮ್ಮ" ಎಂದಳು ಅವಳು.

ಸೊಸೆ ನನ್ನ ಮುಖ ನೋಡಿದಳು. ನೂರ ಹದಿನೇಳು ದಿನಗಳಿಂದ ಆ ಹುಡುಗಿ ಮನೆಗೆ ಬರುವುದನ್ನೇ ಕಾಯುತ್ತಿದ್ದವನು ನಾನು. ಓಡಿ ಹತ್ತು ಎನ್ನಲು ಬಾಯಿ ತೆರೆದೆ. ಮಂಗಳವಾರದ ಖಾಲಿ ಸಾಲು ನೆನಪಾಗಿ ಬಾಯಿ ಮುಚ್ಚಿದೆ.

"ತಾತ ಏನೂ ಹೇಳ್ತಿಲ್ಲ" ಎಂದಳು ಸೊಸೆ.

"ಸರಿ, ಗೊತ್ತಾಯ್ತು" ಎಂದು ಆ ಕಡೆಯಿಂದ ನಗು ಕೇಳಿಸಿತು. ಟಿಕೆಟ್ಟನ್ನು ಮರುದಿನಕ್ಕೆ ಬದಲಿಸಿಕೊಂಡಳು.

ಆ ದಿನ ನಾನು ಊಟ ಮಾಡಲಿಲ್ಲ. ಉಂಡರೆ ನಿದ್ದೆ ಬರುತ್ತದೆ. ಆರಾಮಕುರ್ಚಿಯನ್ನು ಹೊರಗಿಟ್ಟು, ಬೆನ್ನು ನೆಟ್ಟಗಿಡುವ ಕಟ್ಟಿಗೆಯ ಕುರ್ಚಿಯಲ್ಲಿ ಹನ್ನೆರಡಕ್ಕೇ ಕುಳಿತೆ. ಹನ್ನೆರಡೂವರೆಗೆ ಫೋನು ಬಂದಿತು; ಅವಳು ಬೇಗ ಕರೆದಿದ್ದಳು.

"ದೋಣಿ ಹೊರಡ್ತಾ ಇದೆ ತಾತ. ನೋಡ್ತಾ ನಿಂತಿದೀನಿ. ಮಂಜಿದೆ. ಅರ್ಧ ದೋಣಿ ಆಗಲೇ ಇಲ್ಲ."

ಕೂಗು ಕೇಳಿಸಿತು. ಆಮೇಲೆ ಅರ್ಧ ಗಂಟೆ ಇಬ್ಬರೂ ಫೋನ್ ಇಡಲಿಲ್ಲ. ನೀರಿನ ಸದ್ದು ನನ್ನ ಮೇಜಿನ ತನಕ ಬಂದು, ಹಿಂದೆ ಸರಿದು, ಮತ್ತೆ ಬರುತ್ತಿತ್ತು. ಹೊರಗೆ ಬಿಸಿಲಿತ್ತು. ನಾನು ಕಾಲೆರಡನ್ನೂ ತಣ್ಣನೆಯ ನೆಲಕ್ಕೆ ಒತ್ತಿಕೊಂಡಿದ್ದೆ. ರೇಡಿಯೋ ಗಂಟೆ ಬಾರಿಸಿತು.

"ಎರಡು ಮೀಟರ್ ಮೂವತ್ತೊಂದು!"

ಬರೆದೆ.

"ಬರ್ಕೊಂಡ್ಯಾ ತಾತ?"

"ಬರ್ಕೊಂಡೆ."

"ಕನಸಲ್ಲಿ ಅಲ್ಲ ತಾನೆ?"

ನಾನು ದಿನಚರಿಯನ್ನು ಸೊಸೆಯ ಕಡೆ ತಿರುಗಿಸಿದೆ. ಅವಳು ಬಾಗಿ, ಫೋನಿಗೆ ಕೇಳುವಂತೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವಳ ಹಾಗೆ ಓದಿದಳು: "ಒಂದು ಗಂಟೆ. ಎರಡು ಮೀಟರ್ ಮೂವತ್ತೊಂದು. ಮಸಿ ಇನ್ನೂ ಆರಿಲ್ಲ."