ಮಿಸ್ಸು ಕೊಟ್ಟ ಉದಾಹರಣೆಗಳು

ಮೊನ್ನೆ ಬೆಳಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಮಗಳು ಇಸ್ತ್ರಿ ಪೆಟ್ಟಿಗೆಗೆ ಕೈ ತಾಗಿಸಿಕೊಂಡಳು. ಸುಟ್ಟಗಾಯಕ್ಕೆ ಹಚ್ಚುವ ಹಳದಿ ಮುಲಾಮಿನ ಮುಚ್ಚಳ ತಿರುಗಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪೀಣ್ಯದ ವಠಾರ, ಅದರ ಕೊನೆಯ ಮನೆ, ಆ ಮನೆಯ ಮಿಸ್ಸು... ಎಲ್ಲ ಒಟ್ಟಿಗೆ ಎದುರು ಬಂದು ನಿಂತವು.

ತೊಂಬತ್ತರ ದಶಕದ ಮಾತು. ನಾನು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ. ಇಂಗ್ಲಿಷ್ ಬಂದರೆ ಆಫೀಸಿನೊಳಗೆ ಒಂದು ಕುರ್ಚಿ ಸಿಕ್ಕೀತು ಎಂಬ ಆಸೆ ನಮಗೆಲ್ಲ. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದಿದ್ದ ಮಿಸ್ಸು ಭಾನುವಾರ ಬೆಳಗ್ಗೆ ನಮ್ಮಂಥ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಅವರ ಗಂಡ ಇನ್ನೊಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅಲ್ಲಿ ವಾರದ ರಜೆ ಬುಧವಾರ, ಹಾಗಾಗಿ ಭಾನುವಾರ ಅವನು ಮನೆಯಲ್ಲಿರುತ್ತಿರಲಿಲ್ಲ. ಗರಿಗರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಕಂಡವರಿಗೆಲ್ಲ ನಮಸ್ಕಾರ. ಗಂಡ ಸಿಕ್ಕರೆ ಇಂಥವನು ಸಿಗಬೇಕು ಎಂದು ನಾವು ಮಾತಾಡಿಕೊಂಡದ್ದೂ ಉಂಟು!

ಮಿಸ್ಸು ಒಂದು ವಾಕ್ಯ ಹೇಳುವುದು, ನಾವೆಲ್ಲ ಒಟ್ಟಿಗೆ ಅದನ್ನು ಕೂಗುವುದು, ಇದೇ ಪಾಠ. ವಠಾರಕ್ಕೆಲ್ಲ ಕೇಳುವಂತೆ ಕೂಗಿದರೆ ಮಾತ್ರ ನಾಲಿಗೆಯ ಹೆದರಿಕೆ ಹೋಗುತ್ತದೆ ಎನ್ನುತ್ತಿದ್ದರು. ಒಂದು ಭಾನುವಾರ ನಾನು ನಮ್ಮ ಇನ್‌ಚಾರ್ಜ್ ಮೇಲೆ ದೂರಿದೆ.

"ಸಿಕ್ಕಾಪಟ್ಟೆ ಟಾರ್ಚರ್ ಕೊಡ್ತಾನೆ ಮಿಸ್."

"ಏನ್ ಮಾಡ್ತಾನ?"

"ನೀರು ಕುಡಿಯೋಕೆ ಎದ್ರೂ ಬೈತಾನೆ."

"ಅದಕ್ಕ ಟಾರ್ಚರ್ ಅನ್ನೂದಿಲ್ಲ ತಂಗಿ. ಬಸ್ ಲೇಟಾದ್ರೂ ಟಾರ್ಚರ್, ಸೆಕಿ ಆದ್ರೂ ಟಾರ್ಚರ್ ಅಂತೀರಿ. ನಾಳೆ ಖರೇನ ಆದಾಗ ಏನಂತೀರಿ? ಮೊದ್ಲ ಅವಾ ಏನ್ ಮಾಡಿದಾ ಅದನ್ನ ಹೇಳ್ರಿ. ಹೆಸರು ಆಮ್ಯಾಲೆ ಇಡ್ರಿ."

ಅಲ್ಲಿಂದ ಶುರುವಾಯಿತು ಆ ಕೆಟ್ಟ ಮಾತುಗಳ ಪಾಠ. ಅಮ್ಮ ಬೈದರೆ ಅದು ಸ್ಕೋಲ್ಡ್, ಅಷ್ಟೇ. ಅಬ್ಯೂಸ್ ಬೇರೆ. ನಿಮ್ಮ ಮೇಲೆ ಅಧಿಕಾರವೋ ಸಲುಗೆಯೋ ಇರುವವನು ಅದನ್ನೇ ಕೆಟ್ಟದ್ದಕ್ಕೆ ಬಳಸುತ್ತಾನೆ, ಬಾಯಲ್ಲೂ ಆಗಬಹುದು, ಕೈಯಲ್ಲೂ ಆಗಬಹುದು. ನಿಮ್ಮ ಇನ್‌ಚಾರ್ಜ್ ತರಹ ಹಿಂದೆ ಬಿದ್ದು ದಿನವೂ ಕಾಡಿದರೆ ಹರಾಸ್‌ಮೆಂಟ್. ಮೈಮೇಲೆ ಕೈ ಮಾಡಿದರೆ ಅಸಾಲ್ಟ್. ನೋಡಿಕೊಳ್ಳಬೇಕಾದವನೇ ಉಪವಾಸ ಕೆಡವಿದರೆ ಅದಕ್ಕೆ ಇಲ್-ಟ್ರೀಟ್‌ಮೆಂಟ್ ಎನ್ನಬೇಕಂತೆ. ಮಿಸ್ಸು ಪುಸ್ತಕ ನೋಡದೆಯೇ ಉದಾಹರಣೆ ಕೊಡುತ್ತಿದ್ದರು. ಹಿ ಲಾಕ್ಸ್ ದಿ ಕಿಚನ್. ಹಿ ಥ್ರೋಸ್ ದಿ ಪ್ಲೇಟ್ ಅಟ್ ಹರ್. ಅಡುಗೆಮನೆಗೆ ಬೀಗ ಹಾಕುತ್ತಾನೆ, ಅವಳ ಮೇಲೆ ತಟ್ಟೆ ಎಸೆಯುತ್ತಾನೆ. ನಾವು ಹುರುಪಿನಿಂದ ಕೂಗುತ್ತಿದ್ದೆವು. ಈ 'ಅವನು' ಯಾರು ಎಂದು ಕೇಳಬೇಕೆಂದು ಒಬ್ಬಳಿಗೂ ಅನ್ನಿಸಲಿಲ್ಲ.

ಟಾರ್ಚರ್‌ನ ಸರದಿ ಬಂದ ಭಾನುವಾರ ಗಂಡನ ಫ್ಯಾಕ್ಟರಿಯಲ್ಲಿ ಕರೆಂಟ್ ಹೋಗಿ ಎಲ್ಲರನ್ನೂ ಮನೆಗೆ ಕಳಿಸಿದ್ದರಂತೆ. ಅವನು ಹಿತ್ತಿಲ ಬಾಗಿಲಿನಿಂದ ಬಂದು ಪರದೆಯ ಆಚೆ ಮಲಗಿದ್ದ. ನಮಗೆ ಗೊತ್ತಿಲ್ಲ, ಮಿಸ್ಸಿಗೂ ಗೊತ್ತಿಲ್ಲ. ನೋವಾಗಲಿ ಎಂದೇ, ಅವಸರವಿಲ್ಲದೆ ಮಾಡುವುದು ಟಾರ್ಚರ್ ಎಂದರು. ಆಮೇಲೆ ಉದಾಹರಣೆ ಹೇಳಿದರು. "ಹಿ ಹೀಟ್ಸ್ ದಿ ಐರನ್ ಬಾಕ್ಸ್. ಹಿ ವೇಟ್ಸ್." ಇಸ್ತ್ರಿ ಪೆಟ್ಟಿಗೆ ಹಚ್ಚುತ್ತಾನೆ. ಅದು ಚೆನ್ನಾಗಿ ಬಿಸಿಯಾಗುವ ತನಕ ಸುಮ್ಮನೆ ನಿಂತಿರುತ್ತಾನೆ. ಬಟ್ಟೆ ಇಸ್ತ್ರಿ ಮಾಡುವುದರಲ್ಲಿ ಎಂಥ ಟಾರ್ಚರ್ ಎಂದು ಪಕ್ಕದವಳು ಕಿಸಕ್ಕೆಂದಳು. ಆದರೂ ಎಲ್ಲರೂ ಸೇರಿ ಗಂಟಲು ಹರಿಯುವಂತೆ ಕೂಗಿದೆವು.

ಪರದೆ ಸರಿಯಿತು... ಅವನು ನೆಟ್ಟಗೆ ಹಲಗೆಯ ಹತ್ತಿರ ಬಂದ. ಮಿಸ್ಸಿನ ಜಡೆ ಹಿಡಿದು ಮುಖವನ್ನು ಕಪ್ಪು ಹಲಗೆಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಸೀಮೆಸುಣ್ಣದ ಅಕ್ಷರಗಳ ಮೇಲೆ ರಕ್ತ ಇಳಿಯಿತು. "ಯವ್ವಾ!" ಎಂದು ಕುಸಿದವರ ಹೊಟ್ಟೆಗೆ ಒದ್ದ. ಅಷ್ಟರಲ್ಲಿ ನಮಗೆ ಜೀವ ಬಂತು. ಒಬ್ಬಳು ಅವನ ಕಾಲು ಹಿಡಿದು ಎಳೆದಳು. ನಾನು ಅವನ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಇವತ್ತಿಗೂ ಅದರ ಬಗ್ಗೆ ನನಗೆ ಒಂಚೂರೂ ಬೇಸರವಿಲ್ಲ.

ನಾವು ಮಿಸ್ಸನ್ನು ಕರೆದುಕೊಂಡು ಹೋದ ಪೊಲೀಸ್ ಠಾಣೆಗೆ ಅವನು ಮತ್ತೆ ತಲೆ ಬಾಚಿಕೊಂಡು ಬಂದ. "ಸ್ಮಾಲ್ ಮಿಸ್ಅಂಡರ್‌ಸ್ಟ್ಯಾಂಡಿಂಗ್, ಸರ್" ಎಂದ.

"ಇಲ್ಲ ಸಾರ್, ಟಾರ್ಚರ್ ಕೊಡ್ತಾನೆ" ಎಂದೆ ನಾನು.

"ಯಾರ ಮನೇಲಿಲ್ಲಮ್ಮ ಟಾರ್ಚರ್? ನನ್ ಹೆಂಡ್ತೀನೂ ದಿನಾ ಕೊಡ್ತಾಳೆ" ಎಂದರು ಸಬ್‌ಇನ್ಸ್‌ಪೆಕ್ಟರ್. ಠಾಣೆಯೇ ನಕ್ಕಿತು. ಅವನೂ ನಕ್ಕ. ನನಗೆ ಮೈಯೆಲ್ಲ ಉರಿಯಿತು. ರಾಜಿ ಮಾಡಿಸಿ ಅದೇ ಮನೆಗೆ ಕಳಿಸುವುದೆಂದು ಆಗಿಹೋಗಿತ್ತು. ಆಗ ಮಿಸ್ಸು ಎದ್ದು, ಬೆನ್ನು ತಿರುಗಿಸಿ ಸೆರಗು ಸರಿಸಿದರು. ಮುಲಾಮಿನ ಹಳದಿಯ ಕೆಳಗೆ ಇಸ್ತ್ರಿ ಪೆಟ್ಟಿಗೆಯ ಮೂತಿ ಒತ್ತಿದ ಗುರುತುಗಳು, ಒಂದರ ಮೇಲೊಂದು. ಪಾಠದ ಹೊತ್ತಿನಲ್ಲಿ ಅವರಿಂದ ಬರುತ್ತಿದ್ದದ್ದು ಇದೇ ವಾಸನೆ. ಒಲೆಯ ಮುಂದೆ ಕೈ ಸುಟ್ಟುಕೊಂಡಿರಬೇಕು ಎಂದುಕೊಂಡಿದ್ದೆವು.

"ಕಾಸಿ ಇಟ್ಟಾನ್ರೀ. ಮೊದ್ಲ ಇದನ್ನ ಬರಕೋರಿ. ಹೆಸರು ಆಮ್ಯಾಲೆ ಇಡ್ರಿ" ಎಂದರು, ಒಡೆದ ತುಟಿಯಲ್ಲೇ. ನಗು ನಿಂತಿತು.

ಅವರ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋದರು. ಗೆದ್ದೆವು ಎಂದುಕೊಂಡೆವು ನಾವು. ಆದರೆ ಅಲ್ಲಿ ಹಿರಿಯರೆಲ್ಲ ಕೂತು, ಅವನಿಂದ ತಪ್ಪಾಯಿತು ಎನ್ನಿಸಿ, ಬೇರೆ ಊರಿನಲ್ಲಿ ಮನೆ ಮಾಡಿಸಿ ಮತ್ತೆ ಅವನ ಜೊತೆಗೇ ಕಳಿಸಿದರಂತೆ. ಮರುವರ್ಷ ಸುದ್ದಿ ಬಂತು. ಸ್ಟವ್ ಸಿಡಿಯಿತಂತೆ, ಮಿಸ್ಸು... ಆ ಕಾಲದಲ್ಲಿ ಸೊಸೆಯಂದಿರ ಕೈಯಲ್ಲಿ ಮಾತ್ರ ಸಿಡಿಯುತ್ತಿದ್ದ ಸ್ಟವ್‌ಗಳು! ಅವನು ಆಗ ಎಲ್ಲಿದ್ದ, ಏನು ಮಾಡಿದ ಎಂದು ಯಾರೂ ಕೇಳಲಿಲ್ಲ. ಅಪಘಾತ ಎಂದು ಮೊದಲೇ ಹೆಸರಿಟ್ಟುಬಿಟ್ಟಿದ್ದರು.

"ಮ್ಯಾನೇಜರ್ ಟಾರ್ಚರ್ ತಲೇಲಿತ್ತಮ್ಮ, ಕೈ ತಾಗಿಸ್ಕೊಂಡ್ಬಿಟ್ಟೆ" ಎಂದಳು ಮಗಳು.

"ಏನ್ ಮಾಡ್ತಾನೆ ಅವ್ನು? ಬಿಡಿಸಿ ಹೇಳು."

"ಅಯ್ಯೋ, ಬೆಳಬೆಳಗ್ಗೆ ಮೀಟಿಂಗ್ ಇಡ್ತಾನೆ, ಅಷ್ಟೇ. ನೀನ್ಯಾಕಮ್ಮ ಅಳ್ತಿದ್ದೀಯ?"

ನಮ್ಮ ಮಿಸ್ಸು ನೆನಪಾದರು ಎಂದೆ. ಯಾವ ಮಿಸ್ಸು ಎಂದಳು. ಅವಳಿಗೆ ಬಸ್ಸಿನ ಹೊತ್ತಾಗಿತ್ತು. ಆದರೂ ಕೈ ಹಿಡಿದು ಕೂರಿಸಿದೆ, ಮಿಸ್ಸಿನ ಗಂಡ ಏನು ಮಾಡಿದ ಎನ್ನುವುದರಿಂದಲೇ ಶುರು ಮಾಡಿದೆ.