ಅವ್ವನ ಹೆಬ್ಬೆಟ್ಟಿಗೆ ಹಸಿರು ಮಾತ್ರೆಯ ಎಣ್ಣೆ

ನಮ್ಮ ರೇಷನ್ ಕಾರ್ಡಿನಲ್ಲಿ ಇದ್ದದ್ದೇ ಎರಡು ಹೆಸರು, ಅವ್ವನದು ಮತ್ತು ನನ್ನದು. ಇಬ್ಬರೂ ನಮ್ಮೂರು ಗಂಡಸಿಯ ಸೊಸೈಟಿಗೆ ಹೋಗಿ ಮಿಷಿನ್ ಮೇಲೆ ಹೆಬ್ಬೆಟ್ಟು ಒತ್ತಬೇಕು, ಒತ್ತದವರ ಹೆಸರು ಹೊಡೆದುಹಾಕುತ್ತಾರೆ ಅಂದರು. ಅವ್ವ ಮೊದಲು ಹೋದಳು. ಹತ್ತು ಬೆರಳೂ ಒತ್ತಿಸಿದರು, ಹತ್ತಕ್ಕೂ ಕೆಂಪು ದೀಪ. ಬೆರಳಿನ ಬದಲು ಕಣ್ಣಾದರೂ ಮಿಷಿನ್ನಿಗೆ ತೋರಿಸೋಣ ಅಂತ ತಾಲ್ಲೂಕಾಫೀಸಿಗೆ ಕರೆದುಕೊಂಡು ಹೋದೆ. ಕಣ್ಣಲ್ಲಿ ಪೊರೆ ಇದೆ, ಆಗಲ್ಲ ಅಂದರು. ಕೊನೆಯ ದಿನಕ್ಕೆ ಮೂರು ವಾರ ಉಳಿದಿತ್ತು.

ಬೆರಳಿಗೆ ಗೆರೆ ಬರುವುದಾದರೂ ಎಲ್ಲಿಂದ? ನಲವತ್ತು ವರ್ಷ ಅರಸೀಕೆರೆ ಮಂಡಿಗೆ ಹೋಗೋ ಉಂಡೆ ಕೊಬ್ಬರಿಯನ್ನು ಕರಟದಿಂದ ಬಿಡಿಸಿದ ಕೈ ಅದು. ಕರಟಕ್ಕೆ ತೇಯ್ದು ತೇಯ್ದು ಬೆರಳ ತುದಿ ನುಣ್ಣಗಾಗಿತ್ತು.

ಜೊತೆಗೆ ಕೆಲಸ ಮಾಡೋ ಹೆಂಗಸರು ಯಾರೋ ತಲೆಗೆ ತುಂಬಿದ್ದರು. "ಹಸಿರು ಮಾತ್ರೆ ಐತಲ್ಲ, ವಿಟಮಿನ್ನಿಂದು, ಅದರೆಣ್ಣೆ ಹಚ್ಚಿದ್ರೆ ಹೊಸ ಚರ್ಮ ಬತ್ತದಂತೆ. ನಿಮ್ಮಂಗಡೀಲಿ ಐತೇನೇ?" ಅಂದಳು ಅವ್ವ.

ಇತ್ತು. ನಾನು ಅರಸೀಕೆರೆಯ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೊಡುವವಳು, ಅದನ್ನೇ ಓದಿದವಳು. ಓದಿದ್ದೇ ತಪ್ಪಾಯಿತು ನೋಡಿ. ವಿಟಮಿನ್ ಇ ಎಣ್ಣೆಯ ಜಾತಿ, ಮೇಲ್ಪದರದ ಸತ್ತ ಚರ್ಮದಲ್ಲಿ ಸೇರಿ ಅಲ್ಲೇ ಕೂರುತ್ತದೆ. ಒಳಕ್ಕೆ ಇಳಿಯುವುದು ಸ್ವಲ್ಪವೇ. ಬೇರೆ ಕಡೆಯಾದರೆ ಕೂದಲ ಬುಡದ ದಾರಿಯಾದರೂ ಇದೆ. ಬೆರಳ ತುದಿಯಲ್ಲಿ ಕೂದಲೂ ಇಲ್ಲ, ಚರ್ಮವೋ ದಪ್ಪ. ಇಳಿದರೂ ಏನು ಬಂತು? ಗೆರೆಯ ಅಚ್ಚು ಇರುವುದು ಅಡಿಯ ಪದರದಲ್ಲಿ, ತಾಯ ಹೊಟ್ಟೆಯಲ್ಲೇ ಬಿದ್ದದ್ದು. ಅದನ್ನು ಯಾವ ಎಣ್ಣೆಯೂ ಹೊಸದಾಗಿ ಕೊರೆದುಕೊಡುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮೂರು ಸ್ಟ್ರಿಪ್ ತಂದೆ. ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ದಿನವೂ ಒಂದೊಂದು ಮಾತ್ರೆ ಚುಚ್ಚಿ ಹಚ್ಚಿದೆ. ಕೊಬ್ಬರಿ ಮುಟ್ಟಬೇಡ ಅಂದೆ, ಮುಟ್ಟಲಿಲ್ಲ. ಮುದ್ದೆ ಮುರಿಯೋವಾಗಲೂ ಹೆಬ್ಬೆಟ್ಟು ಮೇಲೆತ್ತಿ ಹಿಡಿಯೋಳು. ಬಾಗಿಲ ಬೆಳಕಿಗೆ ಹಿಡಿದು, "ನೋಡೇ, ಒಂದು ಗೆರೆ ಕಾಣ್ತೈತೆ" ಅನ್ನೋಳು. ಅದು ಬರೀ ಎಣ್ಣೆಯ ಹೊಳಪು. ನಾನು ಹೂಂ ಅನ್ನುತ್ತಿದ್ದೆ. ಥೂ, ಎಂಥ ಹೂಂ ಅದು!

ಕೊನೆಯ ದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಅವಳೇ ಎರಡು ಮಾತ್ರೆ ಚುಚ್ಚಿ ಕೈತುಂಬ ಬಳಿದುಕೊಂಡಿದ್ದಳು. ನನಗೆ ತಿಳಿದದ್ದು ಮಿಷಿನ್ನಿನ ಗಾಜಿನ ಮೇಲೆ ಬೆರಳು ಜಾರಿದಾಗಲೇ.

"ಏನಜ್ಜಿ, ಒಗ್ಗರಣೆ ಹಾಕ್ಕಂಡ್ ಬಂದೀಯಾ?" ಅಂದ ಸೊಸೈಟಿಯವನು. ಸಾಲಿನಲ್ಲಿದ್ದವರೆಲ್ಲ ನಕ್ಕರು.

"ನಿಮ್ಮವ್ವ ಆಗಿದ್ರೆ ನಗ್ತಿದ್ರೇನ್ರೀ?" ಅಂತ ಕಿರುಚಿದೆ. ನಲ್ಲಿ ಹತ್ತಿರ ಕರೆದೊಯ್ದು ಸೋಪು ಹಚ್ಚಿ ಉಜ್ಜಿದೆ. ಮೂರು ವಾರದ ಎಣ್ಣೆ ಒಂದೇ ಚೊಂಬು ನೀರಿಗೆ ಹೋಯಿತು. ವಾಪಸ್ ಬಂದು ಒತ್ತಿದಳು. ಕೆಂಪು. ಇನ್ನೊಂದು ಸಲ. ಕೆಂಪು.

"ನೀನಾದ್ರೂ ಒತ್ತಮ್ಮ" ಅಂದ. ಸಿಟ್ಟಿನಲ್ಲೇ ಒತ್ತಿದೆ. ಮೊದಲ ಸಲಕ್ಕೇ ಹಸಿರು ದೀಪ ಬಂತು.

ಅವ್ವನ ಮುಖ ಅರಳಿತು. ನನ್ನ ಹೆಬ್ಬೆಟ್ಟು ಹಿಡಿದು, ತಿರುಗಿಸಿ ನೋಡಿದಳು.

"ಅದ್ಕೇ ಕಣೇ, ನಿನ್ನ ಒಂದಿನಾನೂ ಕೊಬ್ಬರಿ ಬಿಡಿಸಾಕ್ ಕೂರಿಸ್ಲಿಲ್ಲ ನಾನು" ಅಂದಳು.

ಮುಂದಿನ ತಿಂಗಳು ಕಾರ್ಡಿನಲ್ಲಿ ನನ್ನ ಹೆಸರೊಂದೇ ಇತ್ತು.