ಸೊಂಟಕ್ಕಿಳಿದ ಗಾಳಿಚೀಲ

ಡೈರಿಗೆ ಹಾಲು ಹಾಕಿ ಬಂದ ಮಧುಕುಮಾರ್ ಕ್ಯಾನು ತೊಳೆದು ಬೋರಲು ಹಾಕಿದ. ಅಂಗಿ ಬಿಚ್ಚಿ, ಅಂಗಳದಲ್ಲಿ ನಿಲ್ಲಿಸಿದ್ದ ಮರದ ಚೌಕಟ್ಟಿನ ಮುಂದೆ ಮಂಡಿಯೂರಿದ. ಬೆನ್ನ ಮೇಲೆ ಕಪ್ಪು ಪಟ್ಟಿಗಳ ಜಾಲ, ಅದಕ್ಕೆ ಹೊಂದಿಕೊಂಡ ದಪ್ಪ ಗಾಳಿಚೀಲ, ಎರಡೂ ಪಕ್ಕೆಗೆ ಒಂದೊಂದು ಖಾಲಿ ಸಿಲಿಂಡರ್. ತಲೆ ತೂರಿತು, ಭುಜ ತೂರಿತು, ಚೀಲದ ಅಂಚು ಮೇಲಿನ ರೀಪಿಗೆ ಸಿಕ್ಕಿಕೊಂಡಿತು. ಹಾಗೇ ಹಿಂದಕ್ಕೆ ಸರಿದು ಎದ್ದು ಕೂತ. ಎದುರು ಮನೆಯ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಗುಂಡಯ್ಯ ಎಲ್ಲವನ್ನೂ ನೋಡುತ್ತಿದ್ದ.

"ಕನ್ನ ಆಕಾಕೆ ಯಾವ ಕಳ್ಳನೂ ಇಷ್ಟ್ ತಯಾರಿ ಮಾಡಕಿಲ್ಲ ಕಣ್ಲಾ ಮದು" ಎಂದ.

ಆ ಚೌಕಟ್ಟು ಹೊಳೆನರಸೀಪುರದಿಂದ ಕೆಳಗೆ, ಹೇಮಾವತಿಯ ದಂಡೆಯಲ್ಲಿರುವ ಒಂದು ಪಂಪ್‌ಹೌಸಿನ ಕಿಟಕಿಯ ಅಳತೆಯದು. ಕಿಟಕಿಯೆಂದರೆ ನೀರಿನೊಳಗಿನ ಕಿಟಕಿ. ಹೊಳೆಯ ಅಂಚಿಗೆ ಕಟ್ಟಿದ ದುಂಡನೆಯ ಕಾಂಕ್ರೀಟ್ ಬಾವಿ, ಅದರ ತಳದಲ್ಲಿ ಮೂರು ಕಿಟಕಿ, ಪ್ರತಿ ಕಿಟಕಿಯಿಂದ ಬಾವಿಯವರೆಗೆ ಒಬ್ಬ ಆಳು ತೆವಳಿಕೊಂಡು ಹೋಗುವಷ್ಟು ಗೂಡು. ಹೊಳೆಯ ನೀರು ಗೂಡಿನ ಮೂಲಕ ಬಾವಿಗೆ ಬರುತ್ತದೆ. ಮೇಲಿನ ಮೋಟಾರುಗಳು ಅದನ್ನೆತ್ತಿ ಸುತ್ತಲ ಊರುಗಳ ಕೆರೆಗಳಿಗೆ ಬಿಡುತ್ತವೆ. ಗೂಡಿನಲ್ಲಿ ಮರಳು, ಮುರಿದ ಕೊಂಬೆ, ಪ್ಲಾಸ್ಟಿಕ್ಕು ಸೇರಿಕೊಂಡರೆ ಮೋಟಾರು ಗಾಳಿ ಎಳೆಯತೊಡಗುತ್ತದೆ. ಬಾವಿಯ ಮೇಲ್ಭಾಗವನ್ನು ಕಾಂಕ್ರೀಟಿನಿಂದ ಮುಚ್ಚಿರುವುದರಿಂದ ಮೇಲಿನಿಂದ ಇಳಿಯಲು ದಾರಿಯಿಲ್ಲ. ಹೊಳೆಯ ಕಡೆಯಿಂದ ಮುಳುಗಿ, ಕಿಟಕಿಯೊಳಗೆ ನುಸುಳಿ, ಕೈಯಿಂದಲೇ ತೆಗೆಯಬೇಕು. ಪಂಪ್‌ಹೌಸ್ ನಡೆಸುವ ಏತ ನೀರಾವರಿ ಸಂಘದವರಿಗೆ ಇಂಥ ಕೆಲಸವೆಂದರೆ ಮಧುಕುಮಾರ್‌ನ ಹೆಸರೇ ನೆನಪಾಗುತ್ತಿತ್ತು.

ಅವನ ಊರು ಅರಕಲಗೂಡಿನ ಕಡೆಯದು. ತಂದೆ ಕಾಳಯ್ಯ ರಾಗಿ, ಆಲೂಗಡ್ಡೆ ಬೆಳೆಯುತ್ತಿದ್ದವರು. ಈಜು ಕಲಿತದ್ದು ಹೊಲದ ಕಲ್ಲುಬಾವಿಯಲ್ಲಿ. ಆ ಕಡೆಯ ಮಕ್ಕಳೆಲ್ಲ ಕಲಿಯುವಂತೆ, ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಸಿಕೊಂಡು ಮೆಟ್ಟಿಲಿನಿಂದ ನೂಕಿಸಿಕೊಂಡ. ಬುರುಡೆಯನ್ನು ಎಷ್ಟು ಮೇಲೆ ಕಟ್ಟಿದರೆ ಅಷ್ಟು ಒಳ್ಳೆಯದು. ಕೆಳಗೆ ಜಾರಿದರೆ ಕುಂಡಿ ಮೇಲೆದ್ದು ಮುಖ ನೀರಿಗೆ ಹೋಗುತ್ತದೆ. ಅದೇ ಬಾವಿಯಲ್ಲಿ, ಅದೇ ಬುರುಡೆಯಲ್ಲಿ ಈಜು ಕಲಿತವಳು ಅವನ ಸೋದರತ್ತೆಯ ಮಗಳು ಸ್ವರ್ಣಲತಾ. ಮುಂದೆ ಅವಳನ್ನೇ ಮದುವೆಯಾದ. ಅವಳು ಇವತ್ತಿಗೂ ಅವನನ್ನು ಭಾವ ಎಂದೇ ಕರೆಯುತ್ತಾಳೆ.

ತೊಂಬತ್ತರ ದಶಕದ ಆರಂಭದಲ್ಲಿ ತೆರೆದ ಬಾವಿಗಳಲ್ಲಿ ಇನ್ನೂ ನೀರಿತ್ತು, ಪಂಪ್‌ಸೆಟ್ಟುಗಳೂ ಇದ್ದವು. ಪೈಪಿನ ತುದಿಯ ಫುಟ್‌ವಾಲ್ವಿಗೆ ಕಸ ಕಟ್ಟಿಕೊಂಡರೆ ಉಸಿರು ಬಿಗಿಹಿಡಿದು ಮುಳುಗಿ ಬಿಡಿಸುವವರು ಬೇಕಿತ್ತು. ಮಧುಕುಮಾರ್ ಆ ಕೆಲಸಕ್ಕೆ ಊರೂರು ತಿರುಗಿದ. ಆಮೇಲೆ ನಾಲೆಗೆ ಬಿದ್ದವರನ್ನು ಎತ್ತಲು ಪೊಲೀಸರು ಕರೆಯತೊಡಗಿದರು. ಹಾಸನದ ಮೇಷ್ಟ್ರೊಬ್ಬರ ಮಗ ಕೇದಾರ್ ಅವನನ್ನು ಮೊದಲು ನೋಡಿದ್ದು ಅಂಥದೇ ಒಂದು ದಿನ, ನಾಲೆಯ ಏರಿಯ ಮೇಲೆ. ಕೇದಾರ್ ಅಷ್ಟರಲ್ಲಿ ಅಂಡಮಾನಿನಲ್ಲಿ ಪ್ರವಾಸಿಗಳಿಗೆ ಡೈವಿಂಗ್ ಕಲಿಸುವ ಕೆಲಸಕ್ಕೆ ಸೇರಿದ್ದ. ಮುಂದಿನ ರಜೆಗೆ ಬಂದಾಗ ಬೆನ್ನಿಗೆ ಕಟ್ಟುವ ಹಳೆಯ ಸಿಲಿಂಡರೊಂದನ್ನು ತಂದುಕೊಟ್ಟು, ಅದರಲ್ಲಿ ಉಸಿರಾಡುವುದನ್ನು ಗೊರೂರಿನ ಹತ್ತಿರ ಹೊಳೆಯಲ್ಲೇ ಹೇಳಿಕೊಟ್ಟ. ಮಧುಕುಮಾರ್ ಹಲವು ವರ್ಷ ಅದನ್ನೇ ಕಟ್ಟಿಕೊಂಡು ಕಿಟಕಿಗಳಿಗೆ ನುಗ್ಗಿದ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ನಡುವಿನ ಗೂಡಿನಲ್ಲಿ ತೆವಳುತ್ತಿದ್ದಾಗ ಬೆನ್ನಿನ ಸಿಲಿಂಡರಿನ ನಲ್ಲಿ ಛಾವಣಿಗೆ ಉಜ್ಜಿತು. ಮುಂದಕ್ಕೆ ಹೋದಂತೆಲ್ಲ ಸ್ವಲ್ಪ ಸ್ವಲ್ಪವೇ ತಿರುಗಿ ಮುಚ್ಚಿಕೊಂಡಿತು. ಉಸಿರೆಳೆದರೆ ಗಾಳಿ ಬರಲಿಲ್ಲ. ನಲ್ಲಿ ಕತ್ತಿನ ಹಿಂದಿತ್ತು. ಕೈ ಹಿಂದಕ್ಕೆ ತಿರುಗಿಸುವಷ್ಟು ಜಾಗವಿರಲಿಲ್ಲ. ಎದೆಯಲ್ಲಿದ್ದ ಉಸಿರಿನಲ್ಲೇ ಹಿಮ್ಮೊಗವಾಗಿ ತೆವಳಿ ಹೊರಬಿದ್ದ. ಪಂಪ್ ಆಪರೇಟರ್ ರುದ್ರಯ್ಯ ಅವನನ್ನು ತೋಳು ಹಿಡಿದು ದಡಕ್ಕೆಳೆದ. ಆಮೇಲೆ ಮಧುಕುಮಾರ್ ಕಿಟಕಿಯೊಳಗೆ ಹೋಗಲಿಲ್ಲ. ಹೊರಗೆ ನಿಂತು ಉದ್ದನೆಯ ಕೊಕ್ಕೆಯಿಂದ ಸಿಕ್ಕಿದಷ್ಟನ್ನು ಎಳೆದ. ಎರಡು ವರ್ಷದಲ್ಲಿ ಗೂಡುಗಳು ಅರ್ಧ ತುಂಬಿದವು. ಈ ಸಲ ಶಿವರಾತ್ರಿಯ ಹೊತ್ತಿಗೆ ಸಂಘದ ಕಾರ್ಯದರ್ಶಿ ನಂಜಪ್ಪ ಮನೆಗೇ ಬಂದು, ಆಗುವುದಿಲ್ಲವಾದರೆ ಮಂಗಳೂರಿನವರನ್ನು ಕರೆಸುತ್ತೇವೆ, ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿಹೋದ. ಬೇರೆಯವರು ಬರುವುದು ಮಧುಕುಮಾರ್‌ಗೆ ದೊಡ್ಡ ವಿಷಯವಾಗಿರಲಿಲ್ಲ. ತಾನು ಹೆದರಿರುವುದು ಆ ಸಿಲಿಂಡರಿಗೋ ನೀರಿಗೋ ಎಂಬುದು ಅವನಿಗೆ ತಿಳಿಯಬೇಕಿತ್ತು. ನೀರಿಗೇ ಆಗಿದ್ದರೆ ಹೆಣ ಎತ್ತುವ ಕೆಲಸವೂ ಸೇರಿ ಎಲ್ಲವನ್ನೂ ಬಿಡುವುದೆಂದು ತೀರ್ಮಾನಿಸಿದ್ದ. ಕೇದಾರ್‌ಗೆ ಫೋನು ಮಾಡಿದ್ದು ಆಗ.

ಕೇದಾರ್ ಯುಗಾದಿಗೆ ಬಂದವನು ಎರಡು ಜೊತೆ ಹಳೆಯ ಸೈಡ್‌ಮೌಂಟ್ ಸರಂಜಾಮು ಇಟ್ಟು, ಒಂದನ್ನು ಆರಿಸಿಕೋ ಎಂದು ಹೇಳಿ ಹೋಗಿದ್ದ. ಗುಹೆಗಳಲ್ಲಿ ಈಜುವವರು ಕಂಡುಕೊಂಡ ಬಗೆ ಅದು. ಬೆನ್ನು ಖಾಲಿ; ಒಂದೊಂದು ಕಂಕುಳ ಕೆಳಗೆ ಒಂದೊಂದು ಸಿಲಿಂಡರ್. ಎರಡರ ನಲ್ಲಿಯೂ ಎದೆಯ ಬಳಿ, ಕೈಗೆ ಸಿಗುವಂತೆ ಇರುತ್ತದೆ. ಇನ್ನೂ ಇಕ್ಕಟ್ಟಾದರೆ ಒಂದನ್ನು ಬಿಚ್ಚಿ ಮುಂದಕ್ಕೆ ನೂಕಿಕೊಂಡು ಹೋಗಬಹುದು. ಬೆನ್ನಿನ ತೆಳು ಚೀಲಕ್ಕೆ ಸ್ವಲ್ಪ ಗಾಳಿ ತುಂಬಿದರೆ ಮುಳುಗುವುದೂ ಇಲ್ಲ, ತೇಲುವುದೂ ಇಲ್ಲ.

ಎರಡರಲ್ಲಿ ದೊಡ್ಡ ಚೀಲದ್ದು ಮಧುಕುಮಾರ್‌ಗೆ ಮೊದಲು ಹಿಡಿಸಿತ್ತು. ಹೆಚ್ಚು ಗಾಳಿ ಹಿಡಿಯುವುದೇ ಹೆಚ್ಚು ಭದ್ರ ಎಂಬ ಲೆಕ್ಕ. ಅದು ಚಳಿಸಮುದ್ರದಲ್ಲಿ ಭಾರದ ಉಕ್ಕಿನ ಸಿಲಿಂಡರ್ ಹೊರುವವರಿಗೆ ಮಾಡಿದ್ದು. ಚೌಕಟ್ಟಿನಲ್ಲಿ ಸಿಕ್ಕಿಕೊಂಡದ್ದು ಅದೇ. ಗುಂಡಯ್ಯನ ಎದುರಿಗೇ ಅದನ್ನು ಬಿಚ್ಚಿ ಮಡಚಿಟ್ಟು, ಚಿಕ್ಕದನ್ನು ತೊಟ್ಟು ಮತ್ತೆ ತೂರಿದ. ಹೊಟ್ಟೆ ನೆಲಕ್ಕೆ ಹತ್ತಿಸಿಕೊಂಡು ಆಚೆ ಬಂದ.

ತೂರಿದ್ದಾಯಿತು, ಮೈಗೆ ಹೊಂದಬೇಕಿತ್ತು. ಹಿಂದೆ ಅದನ್ನು ತೊಡುತ್ತಿದ್ದವನು ಆರಡಿಯ ಆಳಿರಬೇಕು. ಮಧುಕುಮಾರ್ ಭುಜದ ಪಟ್ಟಿಗಳನ್ನು ಒಂದೊಂದೇ ಕುಣಿಕೆ ಗಿಡ್ಡ ಮಾಡಿದ. ಮಿಕ್ಕ ತುದಿಗಳನ್ನು ಕತ್ತರಿಸದೆ ಮಡಚಿ, ಸೈಕಲ್ ಟ್ಯೂಬಿನ ಬಳೆಗಳಲ್ಲಿ ಸಿಕ್ಕಿಸಿದ. ಸಿಲಿಂಡರಿನ ಕತ್ತನ್ನು ಕಂಕುಳಿಗೆ ಹಿಡಿದಿಡುವ ರಬ್ಬರ್ ಹಗ್ಗ ಸಡಿಲವಾದರೆ ಸಿಲಿಂಡರ್ ಹೊಟ್ಟೆಯ ಕೆಳಗೆ ಜೋಲುತ್ತಿತ್ತು, ಬಿಗಿಯಾದರೆ ನಲ್ಲಿ ಪಕ್ಕೆಗೆ ಚುಚ್ಚುತ್ತಿತ್ತು. ಗಂಟು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ನೋಡದೆ ಕೈ ಹಾಕಿದರೆ ನಲ್ಲಿ ಸಿಗುವಲ್ಲಿ ನಿಲ್ಲಿಸಿದ. ಬೆಂಗಳೂರಿನಲ್ಲಿ ಗಾಳಿ ತುಂಬಿಸಿದ ಸಿಲಿಂಡರುಗಳು ತೆಂಗಿನಕಾಯಿ ಇಳಿಸಿ ಖಾಲಿ ಬರುವ ಲಾರಿಯಲ್ಲಿ ಚನ್ನರಾಯಪಟ್ಟಣಕ್ಕೆ ಬರುತ್ತಿದ್ದವು. ಒಮ್ಮೆ ಬಸ್ಸಿನಲ್ಲಿ ತರಲು ಹೋಗಿ, ಹಿರೀಸಾವೆಯ ಹೋಟೆಲಿನ ಮುಂದೆ ಕಂಡಕ್ಟರ್ ಅವನನ್ನು ಸಿಲಿಂಡರುಗಳ ಸಮೇತ ಇಳಿಸಿದ್ದ. ಒಳಗಿರುವುದು ಬರೀ ಗಾಳಿ ಎಂದು ಎಷ್ಟು ಹೇಳಿದರೂ, ಬರೀ ಗಾಳಿಗೆ ಇಷ್ಟು ಗಟ್ಟಿ ಕಬ್ಬಿಣ ಯಾಕೆ ಎಂಬ ಕಂಡಕ್ಟರನ ಪ್ರಶ್ನೆಗೆ ಬಸ್ಸಿನವರೆಲ್ಲ ತಲೆದೂಗಿದ್ದರು.

ಸ್ವರ್ಣಲತಾ ಬೇಡ ಎನ್ನಲಿಲ್ಲ. ಒಂದು ಷರತ್ತು ಹಾಕಿದಳು. ತಮ್ಮ ಬಾವಿಯಲ್ಲಿ, ತನ್ನ ಕಣ್ಣೆದುರಿಗೆ, ಮುಖದ ಗಾಜಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು, ಒಂದು ಸಿಲಿಂಡರ್ ಬಿಚ್ಚಿ ಮುಂದೆ ಹಿಡಿದು ಮತ್ತೆ ಹಾಕಿಕೊಳ್ಳಬೇಕು. ತಳದ ಕೆಸರು ಏಳಬಾರದು. ಎದ್ದರೆ ಗೂಡಿನೊಳಗೆ ಅವನಿಗೂ ಕಾಣುವುದಿಲ್ಲ, ದಡದಲ್ಲಿ ಅವನ ಹಗ್ಗ ಹಿಡಿದವರಿಗೂ ಏನಾಗುತ್ತಿದೆಯೆಂದು ತಿಳಿಯುವುದಿಲ್ಲ. ಆಗದಿದ್ದರೆ ನಂಜಪ್ಪನಿಗೆ ತಾನೇ ಹೋಗಿ ಹೇಳಿಬರುತ್ತೇನೆ ಎಂದಳು.

ಭಾನುವಾರ ಬೆಳಿಗ್ಗೆ ಅವಳು ಬಾವಿಯ ಮೆಟ್ಟಿಲ ಮೇಲೆ ಕೂತು, ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡಳು. ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ಮಧುಕುಮಾರ್ ಇಳಿದ. ಕೊಂಡಿ ತಪ್ಪದೆ ಸಿಕ್ಕಿತು, ಸಿಲಿಂಡರ್ ಬಿಚ್ಚಿತು, ಮತ್ತೆ ಕೂತಿತು. ಅವನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಹಗ್ಗ ಬಿಗಿಯಾಯಿತು, ಮತ್ತೊಮ್ಮೆ ಜಗ್ಗಿತು. ಮೇಲೆ ಬಂದು ಬಟ್ಟೆ ಸರಿಸಿದ. ಬಾವಿಯ ನೀರೆಲ್ಲ ಹಾಲು ಹಾಕಿದ ಟೀಯಂತಾಗಿತ್ತು.

"ಸಿಲಿಂಡ್ರು ಆಕ್ಕಂಡೆ ಸರಿ. ಕಾಲೆಲ್ಲಿತ್ತು?" ಎಂದಳು ಸ್ವರ್ಣಲತಾ.

ಹಿಂದೆ ಚಾಚಿತ್ತು ಎಂದ ಅವನು.

"ಎಲ್ ಚಾಚಿತ್ತು? ಬುರ್ಡೆ ಕಟ್ಕಂಡ್ ಐಕ್ಳಂಗೆ ನೆಟ್ಟಗೆ ನಿಂತ್ಕಂಡು ಕೆಸ್ರು ತುಳೀತಿದ್ದೆ ಕಣ್ ಭಾವ. ಬತ್ತದ್ ಗದ್ದೆ ತುಳ್ದಂಗೆ."

ಮಧುಕುಮಾರ್ ನೀರಿನಿಂದ ಹತ್ತಿಬಂದ. ಮೆಟ್ಟಿಲ ಮೇಲೆ ಕೂತು ಬೆನ್ನ ಹಿಂದಕ್ಕೆ ಕೈ ಹಾಕಿ ಚೀಲವನ್ನು ಮುಟ್ಟಿನೋಡಿದ. ಅದು ಎರಡು ಹೆಗಲೆಲುಬಿನ ನಡುವೆ ಇತ್ತು. ಭುಜದ ಪಟ್ಟಿ ಗಿಡ್ಡ ಮಾಡುವಾಗ ಅವನ ಕೈಯೇ ಅದನ್ನು ಅಲ್ಲಿಗೆ ಎತ್ತಿ ಕೂರಿಸಿತ್ತು. ಚಿಕ್ಕಂದಿನಿಂದ ತೇಲುವ ವಸ್ತುವನ್ನು ಅವನು ಕಟ್ಟಿದ್ದೇ ಮೇಲೆ, ಮುಖ ನೀರಿನಿಂದ ಹೊರಗಿರಲೆಂದು. ಇಲ್ಲಿ ಮುಖ ಹೊರಗಿರಬೇಕಾಗಿಯೇ ಇರಲಿಲ್ಲ. ಭಾರವೆಲ್ಲ ಸೊಂಟದ ಪಕ್ಕ ತೂಗುತ್ತಿದ್ದರೆ ಎತ್ತುವುದೂ ಸೊಂಟದ ಹತ್ತಿರವೇ ಇರಬೇಕು. ಇಲ್ಲದಿದ್ದರೆ ಎದೆ ಏಳುತ್ತದೆ, ಕಾಲು ಇಳಿಯುತ್ತದೆ.

ಚೀಲದ ಕೆಳ ಅಂಚು ಪೃಷ್ಠದ ಮೇಲೆ ಕೂರುವಂತೆ ಇಳಿಸಿದ. ಅದು ಮತ್ತೆ ಮೇಲಕ್ಕೆ ಜಾರದಂತೆ ತೊಡೆಸಂದಿನ ಪಟ್ಟಿಯನ್ನು ಬಿಗಿದ. ಗಾಳಿ ಕಡಿಮೆಯಾದಂತೆ ಅಲ್ಯುಮಿನಿಯಂ ಸಿಲಿಂಡರುಗಳ ಬುಡ ಹಗುರಾಗಿ ಮೇಲೇಳುತ್ತಿದ್ದುದು ಅವನ ಗಮನಕ್ಕೆ ಬಂದಿತ್ತು. ಹಾಗಾಗಿ ಕೆಳಗಿನ ಕೊಂಡಿಗಳನ್ನು ಸೊಂಟದ ಪಟ್ಟಿಯಲ್ಲಿ ಹೊಟ್ಟೆಯ ಕಡೆಗೆ ಸರಿಸಿದ. ಅಷ್ಟರಲ್ಲಿ ಕೆಸರು ಕೂತು ನೀರು ತಿಳಿಯಾಗಿತ್ತು. ಈ ಸಲ ಅವನು ಬಾವಿಯ ಮಧ್ಯದಲ್ಲಿ ಚಾಪೆಯ ಮೇಲೆ ಮಲಗಿದವನಂತೆ ಅಡ್ಡಲಾಗಿ ನಿಂತ. ಸಿಲಿಂಡರ್ ಬಿಚ್ಚಿದ, ಮುಂದೆ ಹಿಡಿದ, ಮತ್ತೆ ಹಾಕಿಕೊಂಡ. ತಳದ ಕಲ್ಲು ಕಾಣುತ್ತಲೇ ಇತ್ತು. ಮೇಲೆ ಬಂದಾಗ ಸ್ವರ್ಣಲತಾ, "ಇನ್ನೊಂದ್ಸಲ" ಎಂದಳು. ಅದೂ ಆಯಿತು. ಅವಳು ಹಗ್ಗ ಸುತ್ತಿಡತೊಡಗಿದಳು.

ಸಂಜೆ ಮಧುಕುಮಾರ್ ಫೋನಿನಲ್ಲಿ ಇದನ್ನು ಕೇದಾರ್‌ಗೆ ಹೇಳಿದ. ಚೀಲ ಕೆಳಗಿರಬೇಕೆಂದು ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿ ಬಂದಿರಲಿಲ್ಲ ಎಂದ ಕೇದಾರ್. ತಾನು ಈಜುಕೊಳದಲ್ಲಿ ಕಲಿತವನು, ಬುರುಡೆ ಕಟ್ಟಿದವನಲ್ಲ ಎಂದೂ ಹೇಳಿದ.

ಬುಧವಾರ ಪಂಪ್‌ಹೌಸಿನಲ್ಲಿ ರುದ್ರಯ್ಯ ಮೋಟಾರುಗಳನ್ನು ನಿಲ್ಲಿಸಿ ಫ್ಯೂಸುಗಳನ್ನು ಕಿತ್ತ. ನೀರಿಗೆ ಇಳಿದವನ ಹಗ್ಗ ಯಾರ ಕೈಯಲ್ಲಿದೆಯೋ ಫ್ಯೂಸುಗಳೂ ಅವರ ಕೈಯಲ್ಲೇ ಇರಬೇಕೆಂಬುದು ಅಲ್ಲಿನ ರೂಢಿ; ಯಾರೂ ಮರೆತು ಸ್ವಿಚ್ಚು ಹಾಕಿಬಿಡುವಂತಿಲ್ಲ. ರುದ್ರಯ್ಯ ಅವನ್ನು ಹಗ್ಗ ಹಿಡಿದು ಕೂತ ಸ್ವರ್ಣಲತಾಳಿಗೆ ಕೊಟ್ಟ. ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

"ಗೊತ್ತಾಗ್ದಂಗೆ ಮನೆಗ್ ತಕಂಡೋಗ್ಬುಟ್ಟೀಯ ತಾಯಿ, ಆಮೇಲೆ ಊರ್ ಕೆರೆಗೆಲ್ಲಾ ನೀನೇ ನೀರ್ ಒರ್ಬೇಕಾಯ್ತದೆ" ಎಂದ ರುದ್ರಯ್ಯ. ಅವಳ ಕಣ್ಣು ಹಗ್ಗದ ಮೇಲಿತ್ತು.

ಮಧುಕುಮಾರ್ ಆರಿಸಿಕೊಂಡದ್ದು ನಡುವಿನ ಕಿಟಕಿಯನ್ನೇ. ಅಂಚು ಹಿಡಿದು ಒಂದು ಗಳಿಗೆ ನಿಂತ. ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು. ಅದು ಇಳಿಯುವವರೆಗೆ ಕಾದ. ಎರಡು ನಲ್ಲಿಗಳನ್ನೂ ಒಮ್ಮೆ ಮುಟ್ಟಿ ತೂರಿದ. ಗೂಡಿನ ನಡುವೆ ಮರಳು ದಿಬ್ಬವಾಗಿದ್ದಲ್ಲಿ ಮೈ ಹಿಡಿಸಲಿಲ್ಲ. ಎಡಗಡೆಯ ಸಿಲಿಂಡರನ್ನು ಬಿಚ್ಚಿ ಮುಂದಕ್ಕೆ ನೂಕಿದ, ಬಲಗಡೆಯದರಲ್ಲಿ ಉಸಿರಾಡುತ್ತ ಹಿಂದೆಯೇ ಹೋದ. ಬೆನ್ನಿಗೆ ಛಾವಣಿ ತಾಗಿತು. ಉಜ್ಜಿದ್ದು ಬರೀ ಬಟ್ಟೆ; ತಾನು ಹೆದರಿದ್ದು ನೀರಿಗಲ್ಲ ಎಂಬುದು ಅಲ್ಲಿ ತಿಳಿಯಿತು. ಬಾವಿಯ ಕಡೆಯ ಬಾಯಿ ತಲುಪಿ, ಅಲ್ಲಿಂದ ಮರಳನ್ನು ಹೊಳೆಯ ಕಡೆಗೆ ಗೋರುತ್ತ, ಕೊಂಬೆಗಳನ್ನು ಒಂದೊಂದಾಗಿ ಹೊರಕ್ಕೆ ದಬ್ಬುತ್ತ ಹಿಂದಿರುಗಿದ. ನೀರು ಕದಡಿತು, ಆದರೆ ಆಗ ದಾರಿ ಗೊತ್ತಿತ್ತು. ಸಿಲಿಂಡರ್ ಬದಲಿಸಿಕೊಂಡು ಮತ್ತೆ ಮತ್ತೆ ಹೋದ.

ಮಧ್ಯಾಹ್ನ ದಡಕ್ಕೆ ಬಂದು ಮುಖದ ಗಾಜು ತೆಗೆದಾಗ ಸ್ವರ್ಣಲತಾ ಮೊದಲು ಅವನ ತುಟಿಯ ಬಣ್ಣ ನೋಡಿದಳು. ನಂಜಪ್ಪ ಮಂಗಳೂರಿನ ಮಾತೆತ್ತಲಿಲ್ಲ. ಉಳಿದೆರಡು ಕಿಟಕಿಗಳ ಬಗ್ಗೆ ಕೇಳಿದ. ಮಧುಕುಮಾರ್ ಹೆಂಡತಿಯ ಮುಖ ನೋಡಿದ.

"ಸಿಲಿಂಡ್ರು ತುಂಬಿಸ್ಕಂಡ್ ಬರ್ಲಿ, ಇಳೀತಾನೆ" ಎಂದಳು ಅವಳು. ಗಂಟು ಬಿಚ್ಚಿ ಫ್ಯೂಸುಗಳನ್ನು ರುದ್ರಯ್ಯನ ಕೈಗಿಟ್ಟಳು.

ಎರಡನೆಯ ಕಿಟಕಿಗೆ ಸೋಮವಾರ ಇಳಿಯುವುದೆಂದು ಮಾತಾಯಿತು. ಖಾಲಿ ಸಿಲಿಂಡರುಗಳು ಅದೇ ಸಂಜೆ ಚನ್ನರಾಯಪಟ್ಟಣದ ಲಾರಿಯಲ್ಲಿ ಬೆಂಗಳೂರಿಗೆ ಹೋದವು.